ಸೆಲ್ಟಿಕ್, ರೇಂಜರ್ಸ್ ಬಿಟ್ಟು ಆರ್‌ಬ್ರೋತ್‌ಗೆ ಯಾಕೆ ಹೋಗ್ತೀರಿ?

ಊರಿಂದ ಫೋನ್ ಮಾಡುವವರು, ಎಡಿನ್‌ಬರಾಕ್ಕೆ ಓದಲು ಬಂದ ನಮ್ಮ ಕಡೆಯ ಹುಡುಗರು, ಎಲ್ಲರೂ ಇದೇ ಕೇಳುತ್ತಾರೆ. "ಫುಟ್‌ಬಾಲ್ ನೋಡೋಕೆ ಗ್ಲಾಸ್ಗೋದಲ್ಲಿ ಸೆಲ್ಟಿಕ್ ಇದೆ, ರೇಂಜರ್ಸ್ ಇದೆ, ಎರಡೂ ದೊಡ್ಡ ಕ್ಲಬ್. ನೀವು ಆರ್‌ಬ್ರೋತ್ ಅನ್ನೋ ಯಾವುದೋ ಸಣ್ಣ ಊರಿನ ಮ್ಯಾಚ್ ನೋಡೋಕೆ ರೈಲು ಹತ್ತುತ್ತೀರಲ್ಲ, ಅಲ್ಲೇನಿದೆ?"

ಒಳ್ಳೆ ಆಟ ಇದೆ ಅಂತ ಸುಳ್ಳು ಹೇಳುವುದಿಲ್ಲ. ಸ್ಕಾಟ್ಲೆಂಡಿನ ಲೀಗಿನಲ್ಲಿ ನಾಲ್ಕು ಹಂತ, ಒಟ್ಟು 42 ತಂಡ. ಮೇಲಿನ ಹಂತದಿಂದ ಕೆಳಗಿಳಿದಂತೆ ಪಾಸುಗಳು ತಪ್ಪುತ್ತವೆ, ಚೆಂಡು ನೆಲಕ್ಕಿಂತ ಆಕಾಶದಲ್ಲೇ ಜಾಸ್ತಿ ಇರುತ್ತದೆ. ಆದರೆ ಅಲ್ಲಿ ಆಟ ಕೇಳಿಸುತ್ತದೆ. ನಾನು ಹೋಗುವುದು ಅದಕ್ಕೆ.

ಸೆಲ್ಟಿಕ್ ಪಾರ್ಕ್‌ನಲ್ಲಿ ಸುಮಾರು 60,000 ಜನ ಕೂರುತ್ತಾರೆ. ಅಬ್ಬರ ಜೋರು, ಒಪ್ಪುತ್ತೇನೆ. ಆದರೆ ಆ ಅಬ್ಬರದಲ್ಲಿ ಆಟಗಾರ ಮೂಕನಾಗುತ್ತಾನೆ. ಆರ್‌ಬ್ರೋತ್‌ನ ಗೇಫೀಲ್ಡ್ ಪಾರ್ಕ್‌ನಲ್ಲಿ ಕಂಬಿಗೆ ಒರಗಿ ನಿಂತರೆ ಗೆರೆ ನಾಲ್ಕು ಹೆಜ್ಜೆ ದೂರ. ಗೋಲ್‌ಕೀಪರ್ ತನ್ನ ಡಿಫೆಂಡರ್‌ಗೆ ಬೈಯುವುದು ಕೇಳುತ್ತದೆ. ಇಬ್ಬರು ಒಂದೇ ಚೆಂಡಿಗೆ ಕಾಲು ಹಾಕಿದಾಗ ಮೊಣಕಾಲ ಕೆಳಗಿನ ಪ್ಯಾಡಿಗೆ ಪ್ಯಾಡು ಬಡಿಯುವ ಟಪ್ ಸದ್ದು ಕೇಳುತ್ತದೆ. ಪಕ್ಕದ ಅಜ್ಜ ಲೈನ್ಸ್‌ಮನ್‌ಗೆ "ಕನ್ನಡಕ ಮನೇಲಿ ಬಿಟ್ಟು ಬಂದ್ಯಾ ಮಗಾ" ಅನ್ನೋ ಧಾಟಿಯಲ್ಲಿ ಏನೋ ಕೂಗಿದರೆ, ಆ ಲೈನ್ಸ್‌ಮನ್ ನಗು ತಡೆದುಕೊಳ್ಳುವುದೂ ಕಾಣುತ್ತದೆ. ಇದೆಲ್ಲ ಟಿವಿಯಲ್ಲಿ ಸಿಗೋದಿಲ್ಲ.

ದಾರಿಯೂ ಚೆನ್ನಾಗಿದೆ. ಎಡಿನ್‌ಬರಾದಿಂದ ಅಬರ್ಡೀನ್ ಕಡೆ ಹೋಗುವ ರೈಲು ಮೊದಲು 1890ರ ಫೋರ್ತ್ ಸೇತುವೆ ದಾಟುತ್ತದೆ, ಆಮೇಲೆ ಟೇ ನದಿಯ ಸೇತುವೆ. ಟೇ ಮೇಲೆ ಹೋಗುವಾಗ ಕಿಟಕಿಯಿಂದ ಕೆಳಗೆ ನೋಡಿ. 1879ರ ಡಿಸೆಂಬರ್ 28ರ ಬಿರುಗಾಳಿಗೆ ರೈಲಿನ ಸಮೇತ ಬಿದ್ದುಹೋದ ಹಳೆ ಸೇತುವೆಯ ಕಂಬಗಳ ಬುಡ ಇನ್ನೂ ನೀರಿನಲ್ಲಿ ಸಾಲಾಗಿ ನಿಂತಿವೆ. ಡಂಡೀ ದಾಟಿದ ಮೇಲೆ ಹಳಿ ಸಮುದ್ರದ ಪಕ್ಕದಲ್ಲೇ ಓಡುತ್ತದೆ. ಆರ್‌ಬ್ರೋತ್ ಸ್ಟೇಷನ್ನಿನಿಂದ ಮೈದಾನಕ್ಕೆ ಆರಾಮಾಗಿ ನಡೆಯಬಹುದು.

ಸಮುದ್ರ ಅಂದೆನಲ್ಲ, ಗೇಫೀಲ್ಡಿನ ಕಥೆಯೆಲ್ಲ ಅಲ್ಲೇ ಇರುವುದು. ಮೈದಾನದ ಗೋಡೆಯಾಚೆಗೇ ಉತ್ತರ ಸಮುದ್ರ. ಚಳಿಗಾಲದಲ್ಲಿ ಅಲೆಗಳು ಕಟ್ಟೆಗೆ ಬಡಿದು ನೀರಿನ ಹನಿ ಒಳಗೂ ಬೀಳುತ್ತದೆ. ಗಾಳಿಯನ್ನು ಎರಡೂ ತಂಡಗಳು ಹನ್ನೆರಡನೇ ಆಟಗಾರ ಅಂತಲೇ ಲೆಕ್ಕ ಹಾಕಬೇಕು. ಗಾಳಿಗೆ ಎದುರಾಗಿ ಗೋಲ್ ಕಿಕ್ ಹೊಡೆದರೆ ಚೆಂಡು ಮೇಲೇರಿ, ಅರೆಗಳಿಗೆ ನಿಂತು, ಹೊಡೆದವನ ಕಡೆಗೇ ವಾಪಸ್ ಬರುತ್ತದೆ. ಫ್ರೀ ಕಿಕ್‌ಗೆ ಇಟ್ಟ ಚೆಂಡು ತಾನೇ ಉರುಳಿ ಹೋಗುತ್ತದೆ. ನೋಡುವವರಿಗೆ ನಗು, ಆಡುವವರಿಗೆ ಪ್ರಾಣಸಂಕಟ. ಗಾಳಿ ಬೆನ್ನಿಗಿದ್ದ ಅರ್ಧದಲ್ಲಿ ಎರಡು ಗೋಲು ಹೊಡೆಯದಿದ್ದರೆ ಇನ್ನರ್ಧ ಕಷ್ಟ ಅಂತ ಅಲ್ಲಿಯವರ ಲೆಕ್ಕಾಚಾರ.

ನನಗೆ ಎಲ್ಲಕ್ಕಿಂತ ಇಷ್ಟವಾಗುವುದು ಹಾಫ್ ಟೈಮ್. ದೊಡ್ಡ ಮೈದಾನದಲ್ಲಿ ಟಿಕೆಟ್ಟಿನಲ್ಲಿ ಬರೆದ ಸೀಟೇ ಗತಿ. ಇಲ್ಲಿ ನಾಲ್ಕೂ ಕಡೆ ನಿಂತು ನೋಡುವ ಮೆಟ್ಟಿಲುಗಳಿವೆ. ಎದುರಾಳಿ ಅಭಿಮಾನಿಗಳನ್ನು ಬೇರೆ ಮಾಡುವ ಬೇಲಿ ಹಾಕದ ದಿನ, ಸೀಟಿ ಊದಿದ ಕೂಡಲೇ ಜನ ಕೈಯಲ್ಲಿ ಟೀ ಹಿಡಿದುಕೊಂಡು ಈ ಗೋಲಿನ ಹಿಂದಿನಿಂದ ಆ ಗೋಲಿನ ಹಿಂದಕ್ಕೆ ನಡೆಯುತ್ತಾರೆ. ತಮ್ಮ ತಂಡ ಯಾವ ಕಡೆ ಗೋಲು ಹೊಡೆಯಬೇಕೋ ಅಲ್ಲಿಗೆ. ನಮ್ಮೂರಿನ ತೇರಿನ ಹಿಂದೆ ಜನ ಸರಿದ ಹಾಗೆ.

ತಿನ್ನೋದಕ್ಕೆ ಮಟನ್ ಪೈ, ಕುಡಿಯೋದಕ್ಕೆ ಬೋವ್ರಿಲ್. ಬೋವ್ರಿಲ್ ಅಂದರೆ ದನದ ಮಾಂಸದ ಸಾರು, ಗೊತ್ತಿರಲಿ. ಸಸ್ಯಾಹಾರಿಗಳಿಗೆ ಸ್ಕಾಟ್ಲೆಂಡಿನ ಹಲವು ಮೈದಾನಗಳಲ್ಲಿ ಮ್ಯಾಕರೋನಿ ಪೈ ಸಿಗುತ್ತದೆ. ಹಿಟ್ಟಿನ ಬಟ್ಟಲಿನೊಳಗೆ ಮತ್ತೆ ಹಿಟ್ಟು! ಆದರೆ ಆ ಚಳಿಗೆ ಅದೇ ಅಮೃತ. ಬಿಯರ್ ಕೇಳಬೇಡಿ. 1980ರ ಕಪ್ ಫೈನಲ್‌ನಲ್ಲಿ ಸೆಲ್ಟಿಕ್, ರೇಂಜರ್ಸ್ ಅಭಿಮಾನಿಗಳು ಮೈದಾನಕ್ಕಿಳಿದು ಹೊಡೆದಾಡಿದ್ದಕ್ಕೆ ಅದನ್ನು ನಿಲ್ಲಿಸಿದರು. ಅವರ ಜಗಳಕ್ಕೆ ಇವರಿಗೂ ಪಥ್ಯ. ಮೀನು ತಿನ್ನುವವರು ಮ್ಯಾಚಿಗೆ ಮೊದಲೇ ಬಂದರಿನ ಹತ್ತಿರ ಸ್ಮೋಕಿ ತಿನ್ನಿ. ಹ್ಯಾಡಕ್ ಮೀನನ್ನು ಜೋಡಿ ಜೋಡಿಯಾಗಿ ಬಾಲಕ್ಕೆ ದಾರ ಕಟ್ಟಿ, ಕೋಲಿಗೆ ನೇತುಹಾಕಿ, ಗಟ್ಟಿ ಮರದ ಬೆಂಕಿಯ ಮೇಲೆ ಒದ್ದೆ ಗೋಣಿ ಮುಚ್ಚಿ ಬೇಯಿಸುತ್ತಾರೆ. ಬಿಸಿಬಿಸಿ ಇರುವಾಗ ಮುಳ್ಳಿನಿಂದ ಮಾಂಸ ತಾನೇ ಬಿಟ್ಟುಕೊಳ್ಳುತ್ತದೆ.

ಇಷ್ಟು ಸಣ್ಣ ಕ್ಲಬ್ಬಿಗೆ ದೊಡ್ಡ ದಾಖಲೆಯೂ ಇದೆ. 1885ರ ಸೆಪ್ಟೆಂಬರ್ 12ರಂದು ಸ್ಕಾಟಿಷ್ ಕಪ್‌ನಲ್ಲಿ ಆರ್‌ಬ್ರೋತ್, ಅಬರ್ಡೀನಿನ ಬಾನ್ ಅಕಾರ್ಡ್ ತಂಡವನ್ನು 36-0ಯಿಂದ ಸೋಲಿಸಿತು. ಎರಡೂವರೆ ನಿಮಿಷಕ್ಕೊಂದು ಗೋಲು. ಜಾಕಿ ಪೆಟ್ರಿ ಒಬ್ಬನೇ 13 ಹೊಡೆದ. ಆಗ ಗೋಲಿಗೆ ಬಲೆ ಇರಲಿಲ್ಲ, ಪ್ರತಿ ಸಲ ಚೆಂಡನ್ನು ಹೋಗಿ ತರಬೇಕಿತ್ತು. ಇಲ್ಲದಿದ್ದರೆ ಇನ್ನೆಷ್ಟು ಆಗುತ್ತಿತ್ತೋ! ತಮಾಷೆ ಅಂದರೆ ಅದೇ ದಿನ ಡಂಡೀಯಲ್ಲಿ ಡಂಡೀ ಹಾರ್ಪ್ 35-0ಯಿಂದ ಗೆದ್ದಿತ್ತು. ಪಾಪ, ಒಂದೇ ಒಂದು ಗೋಲಿನಿಂದ ದಾಖಲೆ ತಪ್ಪಿತು.

ಆದರೆ ನನಗೆ 36-0ಗಿಂತ 2021-22ರ ಸೀಸನ್ ಹೆಚ್ಚು. ಆರ್‌ಬ್ರೋತ್ ಆಟಗಾರರು ಪಾರ್ಟ್ ಟೈಮ್. ಹಗಲು ಬೇರೆ ಕೆಲಸ, ಸಂಜೆ ಪ್ರಾಕ್ಟೀಸ್. ಅಂಥವರು ಡಿಕ್ ಕ್ಯಾಂಬೆಲ್ ಅನ್ನೋ ಹಿರಿಯ ಮ್ಯಾನೇಜರ್ ಜೊತೆ ಸೇರಿ, ಫುಲ್ ಟೈಮ್ ತಂಡಗಳೇ ತುಂಬಿದ ಎರಡನೇ ಹಂತದ ಲೀಗಿನಲ್ಲಿ ಎರಡನೇ ಸ್ಥಾನಕ್ಕೆ ಬಂದರು. ಮೊದಲ ಸ್ಥಾನ ಕಿಲ್ಮಾರ್ನಕ್ ತಂಡಕ್ಕೆ ಹೋಯಿತು. ಮೇಲಿನ ಹಂತಕ್ಕೆ ಏರಲು ಆಡುವ ಪ್ಲೇ-ಆಫ್‌ನಲ್ಲಿ ಇನ್ವರ್ನೆಸ್ ಎದುರು ಪೆನಾಲ್ಟಿಯಲ್ಲಿ ಸೋತು ಮೇಲಿನ ಲೀಗ್ ಕೈತಪ್ಪಿತು. ಬೆಳಗ್ಗೆ ಡ್ಯೂಟಿಗೆ ಹೋಗುವವರು ಸೆಲ್ಟಿಕ್ ಜೊತೆ ಒಂದೇ ಲೀಗಿನಲ್ಲಿ ಆಡುವಷ್ಟು ಹತ್ತಿರ ಬಂದಿದ್ದರು ಅಲ್ವಾ! ನಾಲ್ಕು ಹೆಜ್ಜೆ ದೂರದಿಂದ ನೋಡುವಾಗ, ಉಸಿರು ಬಿಗಿಹಿಡಿದು ಓಡುವವನಿಗೆ ಮನೆಯೂ ಕೆಲಸವೂ ಇದೆ ಅನ್ನೋದು ನೆನಪಿರುತ್ತದೆ. ಆಮೇಲೆ ತಪ್ಪಿದ ಪಾಸಿಗೆ ಅಷ್ಟು ಸಿಟ್ಟು ಬರುವುದಿಲ್ಲ.

ಹೋಗುವುದಾದರೆ ಸಾಮಾನ್ಯವಾಗಿ ಶನಿವಾರ ಮಧ್ಯಾಹ್ನ 3ಕ್ಕೆ ಆಟ. ಡಿಸೆಂಬರ್‌ನಲ್ಲಿ ಹಾಫ್ ಟೈಮ್ ಹೊತ್ತಿಗೇ ಕತ್ತಲು. ಛತ್ರಿ ತರಬೇಡಿ, ಆ ಗಾಳಿಗೆ ಸುಮ್ನೆ ಮುರಿಯುತ್ತದೆ. ಕಿವಿ ಮುಚ್ಚುವ ಉಣ್ಣೆ ಟೋಪಿ ತನ್ನಿ. ಆದರೆ ಆಟ ನಡೆಯುವಾಗ ಒಂದು ಕಿವಿಯಾದರೂ ತೆರೆದಿಡಿ.