ಸಫಾರಿಯಲ್ಲಿ ದಿನಾ ಏನ್ ಮಾಡ್ತೀರಿ?

ಕೀನ್ಯಾಕ್ಕೆ ಹೋಗಿದ್ದೆ ಅಂದರೆ ಮೊದಲ ಪ್ರಶ್ನೆ, "ಹುಲಿ ಕಂಡಿತಾ?" ಆಫ್ರಿಕಾದ ಕಾಡಿನಲ್ಲಿ ಹುಲಿ ಇಲ್ಲ ಎಂದು ಹೇಳಿ ಮುಗಿಸುವಷ್ಟರಲ್ಲಿ ಎರಡನೆಯದು ಬರುತ್ತದೆ. "ಅಷ್ಟು ದಿನ ಬರೀ ಪ್ರಾಣಿ ನೋಡೋದಾ? ಬೆಳಗ್ಗೆಯಿಂದ ಸಂಜೆವರೆಗೆ ಏನ್ ಮಾಡ್ತೀರಿ?" ಕಬಿನಿಗೆ ಹೋಗಿ ಬಂದವರಿಗೆ ಈ ಅನುಮಾನ ಜಾಸ್ತಿ. ಇಲ್ಲಿ ಬೆಳಗ್ಗೆ ಒಂದು ಸುತ್ತು, ಸಂಜೆ ಒಂದು ಸುತ್ತು, ಅಷ್ಟಕ್ಕೆ ಮುಗಿಯಿತಲ್ಲ.

ನನ್ನ ಉತ್ತರ ಇಷ್ಟೇ: ಕೂತಿರುತ್ತೇವೆ. ಗಾಡಿಯಲ್ಲಿ. ಹೆಚ್ಚಿನ ಹೊತ್ತು ಸುಮ್ನೆ.

ನಾನು ನೋಡಿದ್ದು ಅಲ್ಲಿನ ಮಸಾಯ್ ಮಾರಾ ಎಂಬ ಅಭಯಾರಣ್ಯ. ಸುಮಾರು 1,510 ಚದರ ಕಿಲೋಮೀಟರ್, ಅಂದರೆ ನಮ್ಮ ನಾಗರಹೊಳೆಯ ಎರಡರಷ್ಟಕ್ಕೂ ಜಾಸ್ತಿ. ಕಾಡು ಅಂತ ಕಲ್ಪಿಸಿಕೊಂಡು ಹೋದರೆ ನಿರಾಸೆ ಖಂಡಿತ. ಕಣ್ಣು ಹಾಯುವಷ್ಟು ದೂರ ಹುಲ್ಲು, ಅಲ್ಲೊಂದು ಇಲ್ಲೊಂದು ಜಾಲಿಯಂಥ ಮರ. ನೈರೋಬಿಯಿಂದ ಅಲ್ಲಿಗೆ ರಸ್ತೆಯಲ್ಲಿ ಐದಾರು ಗಂಟೆ. ಹಾಗಾಗಿ ಪ್ಯಾಕೇಜಿನಲ್ಲಿ 'ಮೊದಲ ದಿನ' ಎಂದು ಬರೆದಿರುವುದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಅದು ಸೊಂಟದ ದಿನ.

ಬೆಳಗ್ಗೆ ಐದಕ್ಕೆ ಏಳಬೇಕು ಎಂದಾಗ ಎಲ್ಲರೂ ಮುಖ ಸಿಂಡರಿಸುತ್ತಾರೆ. ಆದರೆ ಕೀನ್ಯಾದ ಗಡಿಯಾರ ನಮಗಿಂತ ಎರಡೂವರೆ ಗಂಟೆ ಹಿಂದೆ. ಅಲ್ಲಿ ಐದಾದಾಗ ನಮ್ಮ ಮೈಗೆ ಏಳೂವರೆ, ಎಚ್ಚರ ತಾನೇ ಆಗುತ್ತದೆ. ಕಷ್ಟ ಇರುವುದು ಚಳಿಯಲ್ಲಿ. ಆಫ್ರಿಕಾ ಅಂದರೆ ಬಿಸಿಲು ಎಂದುಕೊಂಡು ನಾನು ಒಯ್ದಿದ್ದು ಬರೀ ಕಾಟನ್ ಶರ್ಟು. ಮಾರಾ ಭೂಮಧ್ಯರೇಖೆಯ ಹತ್ತಿರವೇ ಇದೆ, ನಿಜ, ಆದರೆ 1,500 ಮೀಟರಿಗಿಂತ ಎತ್ತರದಲ್ಲಿದೆ. ಮೊದಲ ಬೆಳಗ್ಗೆ ಎರಡು ಶರ್ಟು ಹಾಕಿ, ಮೇಲೆ ಕ್ಯಾಂಪಿನ ಟವೆಲ್ ಸುತ್ತಿಕೊಂಡು ಕೂತೆ. ಅವತ್ತೇ ಮಧ್ಯಾಹ್ನ ಮಸಾಯ್ ಜನ ಹೊದೆಯುವ ಕೆಂಪು ಚೌಕುಳಿ ಶುಕಾ ಒಂದನ್ನು ಕೊಂಡೆ. ಚೌಕಾಸಿ ಮಾಡುವ ಸ್ಥಿತಿಯಲ್ಲಿ ಇರಲಿಲ್ಲ.

ಆರಕ್ಕೆ ಗೇಟು ತೆರೆಯುತ್ತದೆ. ಸೂರ್ಯ ಬರುವುದು ಆರೂವರೆ ಸುಮಾರಿಗೆ, ವರ್ಷವಿಡೀ ಹೆಚ್ಚು ಕಡಿಮೆ ಅದೇ ಹೊತ್ತು. ನಾವು ಸಿಂಹ ಹುಡುಕುತ್ತಿದ್ದರೆ ನಮ್ಮ ಡ್ರೈವರ್ ಹುಡುಕುತ್ತಿದ್ದದ್ದು ಟೋಪಿಯನ್ನು. ತಲೆಯ ಟೋಪಿ ಅಲ್ಲ, ಅದೊಂದು ಜಿಂಕೆಯಂಥ ಪ್ರಾಣಿ. ತೊಡೆಯ ಮೇಲೆ ನೀಲಿ ಪ್ಯಾಂಟು ತೊಟ್ಟಂತೆ ಬಣ್ಣ. ಅದಕ್ಕೆ ಹುತ್ತದ ಮೇಲೆ ಹತ್ತಿ ನಿಲ್ಲುವ ಅಭ್ಯಾಸ. ಅದು ಅಲ್ಲಾಡದೆ ಒಂದೇ ಕಡೆ ನೋಡುತ್ತಿದ್ದರೆ ಆ ಕಡೆ ಏನೋ ಇದೆ ಎಂದೇ ಅರ್ಥ. ಗಾಡಿಯನ್ನು ಆ ದಿಕ್ಕಿಗೆ ತಿರುಗಿಸಿದರು. ಹತ್ತು ನಿಮಿಷದಲ್ಲಿ ಸಿಂಹಿಣಿ.

ಆಮೇಲೆ? ಆಮೇಲೆ ಅದು ಮಲಗಿತ್ತು. ಸಿಂಹ ದಿನಕ್ಕೆ ಹದಿನೆಂಟು, ಇಪ್ಪತ್ತು ಗಂಟೆ ಬಿದ್ದುಕೊಂಡೇ ಇರುವ ಪ್ರಾಣಿ. ಟಿವಿಯಲ್ಲಿ ನೋಡುವ ಬೇಟೆಯ ಹಿಂದೆ ಕ್ಯಾಮೆರಾದವರು ತಿಂಗಳುಗಟ್ಟಲೆ ಕಾದಿರುತ್ತಾರೆ ಎಂಬುದು ಅಲ್ಲಿ ಕೂತಾಗ ಹೊಳೆಯಿತು. ಪೊದೆಯ ನೆರಳು, ಮೂತಿಯ ಸುತ್ತ ನೊಣ, ಆಗಾಗ ಒಂದು ಕಿವಿ ಪಟ್ ಎಂದು ಅಲ್ಲಾಡುವುದು. ಉಸಿರಿಗೆ ಹೊಟ್ಟೆ ಏರಿ ಇಳಿಯುವುದು. ಮುಂಗಾಲಿನ ಮೇಲೆ ಹಳೆಯ ಗಾಯದ ಗೆರೆ. ಒಂದು ಗಂಟೆ ನಲವತ್ತು ನಿಮಿಷ ನೋಡಿದೆವು. ಕೊನೆಗೆ ಎದ್ದು, ಗಂಟಲಿನವರೆಗೆ ಕಾಣುವಷ್ಟು ಬಾಯಿ ಬಿಟ್ಟು ಆಕಳಿಸಿ, ಪೊದೆಯ ಆಚೆ ಹೋಗಿ ಮತ್ತೆ ಮಲಗಿತು. ನಮ್ಮ ಗಾಡಿಯಲ್ಲಿದ್ದ ಒಬ್ಬರು "ಇದಕ್ಕಾ ಇಷ್ಟು ದುಡ್ಡು ಕೊಟ್ಟಿದ್ದು?" ಎಂದರು. ತಮಾಷೆಗಲ್ಲ. ಹೊರದೇಶದವರಿಗೆ ಮಾರಾದ ಪ್ರವೇಶ ಶುಲ್ಕ 2024ರಿಂದ ಜುಲೈ–ಡಿಸೆಂಬರಿನಲ್ಲಿ ದಿನಕ್ಕೆ 200 ಡಾಲರ್, ಉಳಿದ ತಿಂಗಳು 100.

ಜುಲೈಯಿಂದ ಅಕ್ಟೋಬರಿನವರೆಗೆ ದರ ಏರಿದ್ದರೂ ಜನ ಬರುವುದು ವೈಲ್ಡ್‌ಬೀಸ್ಟ್ ಎಂಬ ದನದಂಥ ಕಾಡುಪ್ರಾಣಿಗಳು ಮಾರಾ ನದಿ ದಾಟುವುದನ್ನು ನೋಡಲು. ನಾವೂ ದಡದಲ್ಲಿ ಮೂರು ಗಂಟೆ ಕಾದೆವು. ಆಚೆ ದಡದಲ್ಲಿ ಸಾವಿರಾರು, ಒಂದೇ ಸಮ 'ಗ್ನೂ, ಗ್ನೂ' ಎಂಬ ಗೊಣಗಾಟ, ನೀರಿನಲ್ಲಿ ಮರದ ದಿಮ್ಮಿಯಂತೆ ಮೊಸಳೆ. ಎಲ್ಲಕ್ಕಿಂತ ಮುಂದಿದ್ದದ್ದು ನೀರಿಗೆ ಒಂದು ಕಾಲಿಟ್ಟಿತು. ಎಲ್ಲರ ಕ್ಯಾಮೆರಾ ಮೇಲೆದ್ದಿತು. ಅದು ಕಾಲು ಹಿಂದೆ ತೆಗೆದುಕೊಂಡಿತು. ಅಷ್ಟೇ, ಇಡೀ ಹಿಂಡು ತಿರುಗಿ ಮೇಯಲು ಹೋಯಿತು. ಮರುದಿನ ಅದೇ ಜಾಗದಲ್ಲಿ ದಾಟಿದವಂತೆ.

ಕೇಳಲು ನಾಚುವ ಪ್ರಶ್ನೆಗೂ ಹೇಳಿಬಿಡುತ್ತೇನೆ. ಸಿಕ್ಕ ಕಡೆ ಗಾಡಿಯಿಂದ ಇಳಿಯುವಂತಿಲ್ಲ. ತಡೆಯಲಾಗದಿದ್ದರೆ "ಟೈರ್ ಚೆಕ್ ಮಾಡಬೇಕು" ಎನ್ನಬೇಕು. ಡ್ರೈವರ್ ಬಯಲು ಜಾಗ ಹುಡುಕಿ, ಸುತ್ತ ನೋಡಿ, ಗಾಡಿಯ ಹಿಂದೆ ಕಳಿಸುತ್ತಾರೆ. ಬೆಳಗಿನ ಚಹಾ ಅರ್ಧ ಲೋಟ ಸಾಕು.

ಊಟದ ಚಿಂತೆ ಬೇಡ. ಸಸ್ಯಾಹಾರ ಎಂದು ಮೊದಲೇ ಹೇಳಿಟ್ಟರೆ ಬೇಳೆ, ಸೊಪ್ಪು, ಚಪಾತಿ ಸಿಗುತ್ತದೆ. ಸ್ವಾಹಿಲಿಯಲ್ಲೂ ಅದು ಚಪಾತಿಯೇ. ಚಹಾ ಚಾಯ್, ಅಂಗಡಿ ದುಕಾ, ಗಾಡಿ ಗಾರಿ. ಹಳೆಯ ಕಡಲ ವ್ಯಾಪಾರ, ಆಮೇಲೆ 1896ರಿಂದ ರೈಲು ಹಳಿ ಹಾಕಲು ಇಲ್ಲಿಂದ ಹೋದ ಕೂಲಿಗಳು, ಎಲ್ಲ ಸೇರಿ ಆದ ಮಾತು.

ಒಂದು ತಪ್ಪನ್ನು ಮಾತ್ರ ನೀವು ಮಾಡಬೇಡಿ. ಕಡಿಮೆ ದುಡ್ಡಿಗೆ ಸಿಕ್ಕಿತು ಎಂದು ನಾವು ಮೇಲ್ಛಾವಣಿ ಎತ್ತುವ ಮಾಮೂಲಿ ವ್ಯಾನ್ ಹಿಡಿದಿದ್ದೆವು. ಎರಡನೇ ದಿನ ಮಧ್ಯಾಹ್ನ ಅರ್ಧ ಗಂಟೆ ಮಳೆ. ದಾರಿ ಕಪ್ಪಾಯಿತು, ನುಣ್ಣಗಾಯಿತು. ನಾನು ಗದಗಿನ ಕಡೆಯವನು. ನೋಡಿದ ಕೂಡಲೇ ಗೊತ್ತಾಯಿತು, ಇದು ನಮ್ಮ ಎರೆಮಣ್ಣೇ. ಚಕ್ರ ತಿರುಗಿದಷ್ಟೂ ಟೈರಿನ ಗೀರೆಲ್ಲ ತುಂಬಿ ಅದು ಕಡುಬಿನಂತಾಯಿತು. ಒಂದು ಗಂಟೆ ಹೂತು ಕೂತಿದ್ದೆವು. ದೂರದಲ್ಲಿ ಎರಡು ಆನೆ, ಅವಕ್ಕೆ ನಮ್ಮ ಕಡೆ ಗಮನವೇ ಇಲ್ಲ. ಕೊನೆಗೆ ಬೇರೆ ಯಾರದ್ದೋ ಲ್ಯಾಂಡ್ ಕ್ರೂಸರ್ ಬಂದು ಹಗ್ಗ ಕಟ್ಟಿ ಎಳೆಯಿತು. ನಾಲ್ಕೂ ಚಕ್ರಕ್ಕೆ ಎಂಜಿನ್ ಎಳೆತ ಇರುವ ಗಾಡಿಗೇ ದುಡ್ಡು ಕೊಡಿ. ಬೇಕಾದರೆ ಒಂದು ದಿನ ಕಡಿಮೆ ಇರಿ. ಹೊರಡುವ ಹತ್ತು ದಿನ ಮೊದಲಾದರೂ ಹಳದಿ ಜ್ವರದ ಲಸಿಕೆ ಹಾಕಿಸಿಕೊಳ್ಳಿ. ಆ ಕಾರ್ಡು ಇಲ್ಲದೆ ವಾಪಸ್ ಬಂದರೆ ನಮ್ಮ ವಿಮಾನ ನಿಲ್ದಾಣದಲ್ಲೇ ತಡೆದು ಕ್ವಾರಂಟೈನ್‌ಗೆ ಹಾಕಬಹುದು. ಪ್ಲಾಸ್ಟಿಕ್ ಕವರ್ ಮನೆಯಲ್ಲೇ ಬಿಡಿ, ಅಲ್ಲಿ 2017ರಿಂದ ನಿಷೇಧ.

ಕತ್ತಲಾದ ಮೇಲೆ ಟೆಂಟಿನಿಂದ ಊಟಕ್ಕೆ ಒಬ್ಬರೇ ಹೋಗುವಂತಿಲ್ಲ. ಕಾವಲುಗಾರ ಟಾರ್ಚ್ ಹಿಡಿದು ಬರುತ್ತಾನೆ. ಮೊದಲ ರಾತ್ರಿ ಊಟ ಮುಗಿಸಿ ಬಂದು ಹಾಸಿಗೆಯೊಳಗೆ ಕಾಲು ಚಾಚಿದೆ. ಬೆಚ್ಚಗೆ, ಮೆತ್ತಗೆ, ತುಪ್ಪಳದಂಥದ್ದೇನೋ ತಗುಲಿತು. ಕಿರುಚಿದ್ದು ಪಕ್ಕದ ಟೆಂಟಿಗೂ ಕೇಳಿತಂತೆ. ಚಳಿಗೆಂದು ಅವರು ಉಣ್ಣೆಯ ಚೀಲದಲ್ಲಿ ಬಿಸಿನೀರಿನ ರಬ್ಬರ್ ಬಾಟಲಿ ಇಟ್ಟಿದ್ದರು! ಆಮೇಲೆ ಕತ್ತೆಕಿರುಬದ 'ಊ...ಪ್' ಕೇಳುತ್ತ ಅದನ್ನೇ ತಬ್ಬಿಕೊಂಡು ಮಲಗಿದೆ.

ಮೂರನೇ ದಿನದ ಹೊತ್ತಿಗೆ ನಮ್ಮ ಗಾಡಿಯಲ್ಲಿ ಯಾರೂ ಸಿಂಹ ಕೇಳುತ್ತಿರಲಿಲ್ಲ. ಹಿಂದಿನ ದಿನ ದುಡ್ಡಿನ ಲೆಕ್ಕ ಹಾಕಿದವರೇ ಒಂದು ಹಕ್ಕಿಗೆ ಗಾಡಿ ನಿಲ್ಲಿಸಿದರು. ಒಣಗಿದ ರೆಂಬೆಯ ತುದಿಯಲ್ಲಿ ಕೂತಿತ್ತು, ಎದೆ ನೇರಳೆ, ರೆಕ್ಕೆ ನೀಲಿ. ನಮ್ಮ ನೀಲಕಂಠದ ದಾಯಾದಿ. ನೀಲಕಂಠ ನಮ್ಮ ರಾಜ್ಯಪಕ್ಷಿ ಎಂದು ಡ್ರೈವರ್‌ಗೆ ಹೇಳಿದೆ. ನಿಮ್ಮಲ್ಲಿ ಎಲ್ಲಿ ಕಾಣುತ್ತದೆ ಎಂದು ಕೇಳಿದರು. ಹೊಲದ ಬದಿಯ ಕರೆಂಟ್ ತಂತಿಯ ಮೇಲೆ ಎಂದೆ.

"ಹಾಗಾದರೆ ಹುಡುಕೋದು ಸುಲಭ," ಎಂದು ಗಾಡಿ ಸ್ಟಾರ್ಟ್ ಮಾಡಿದರು.