ಹಾಲು ಕೊಂಬಿಗೇರುವ ಕಾದಂಬರಿ

ಥಾಮಸ್ ಹಾರ್ಡಿಯ ‘ಟೆಸ್’ ಕಾದಂಬರಿಯನ್ನು ಕಾಲೇಜಿನ ದಿನಗಳಲ್ಲಿ ಕನ್ನಡದ ಸಂಗ್ರಹರೂಪದಲ್ಲಿ ಓದಿದ್ದೆ. ಬಡವರ ಮನೆಯ ಹುಡುಗಿ, ಕೆಡಿಸಿದ ಸಿರಿವಂತ, ಸತ್ಯ ಹೇಳಿದ್ದಕ್ಕೆ ಬಿಟ್ಟುಹೋದ ಗಂಡ, ಕೊನೆಗೆ ನೇಣು. ಓದಿ ಅತ್ತಿದ್ದೆ. ಈ ಮಳೆಗಾಲದಲ್ಲಿ, ತೀರ್ಥಹಳ್ಳಿ ಸೀಮೆಯ ನಮ್ಮ ಮನೆಯಲ್ಲಿ ಕರೆಂಟಿಲ್ಲದ ಮಧ್ಯಾಹ್ನಗಳಲ್ಲಿ, ಅದನ್ನು ಮೂಲ ಇಂಗ್ಲಿಷಿನಲ್ಲಿ ಪೂರ್ತಿ ಓದಿದೆ. ಕಥೆ ಅದೇ. ಸಂಗ್ರಹದಲ್ಲಿ ಬಿಟ್ಟುಹೋಗಿದ್ದದ್ದು ಟೆಸ್ ಮಾಡುವ ಕೆಲಸ.

1891ರಲ್ಲಿ ಪುಸ್ತಕವಾಗಿ ಬಂದ ಕಾದಂಬರಿ. ವಾಕ್ಯಗಳು ಉದ್ದ, ಹಳ್ಳಿಗರ ಮಾತು ಬೇಗ ಹಿಡಿತಕ್ಕೆ ಸಿಗುವುದಿಲ್ಲ. ಗಟ್ಟಿಯಾಗಿ ಓದಿಕೊಂಡೆ, ಹಾದಿ ಸಲೀಸಾಯಿತು. ಟೆಸ್ ಟಾಲ್‌ಬೋತೇಸ್ ಎಂಬ ಹೈನುಮನೆಗೆ ಹಾಲು ಕರೆಯಲು ಬರುವ ಭಾಗದಲ್ಲಂತೂ ನನಗೆ ನಿಘಂಟು ಮರೆತೇಹೋಯಿತು. ಹೊಸಬಳು ಬಂದಿದ್ದಾಳೆಂದು ಅಂದು ಹಸುಗಳು ಹಾಲು ಇಳಿಸುವುದಿಲ್ಲ. ಹೀಗಾದಾಗ ಹಾಲು ಕೊಂಬಿಗೆ ಏರುತ್ತದಂತೆ ಎನ್ನುತ್ತಾಳೆ ಒಬ್ಬ ಹೆಂಗಸು. ಕೊಂಬಿಲ್ಲದ ಹಸುಗಳೂ ಹಾಲು ಹಿಡಿಯುತ್ತವಲ್ಲ ಎಂದು ಯಜಮಾನ ಕ್ರಿಕ್‌ನಿಗೆ ಅನುಮಾನ. ಕೊನೆಗೆ ಎಲ್ಲರೂ ಹಸುಗಳಿಗಾಗಿ ಹಾಡು ಹೇಳುತ್ತಾರೆ. ಇದನ್ನು ಅತ್ತೆಗೆ ಹೇಳಿದೆ. ಅವರು ನಗಲಿಲ್ಲ. ‘ಹಾಡಿದರೆ ಇಳಿಸುತ್ತವೆ ಕಣೇ, ನಮ್ಮ ಗೌರಿಗೆ ನಾನು ಹಾಡುತ್ತಿರಲಿಲ್ಲವೇ’ ಎಂದರು. ಗೌರಿ ನಮ್ಮ ಹಳೆಯ ಮಲೆನಾಡು ಗಿಡ್ಡ ತಳಿಯ ಹಸು.

ಇನ್ನೊಂದು ಪ್ರಸಂಗ. ಬೆಣ್ಣೆಗೆ ಏನೋ ವಾಸನೆ ಎಂದು ಗಿರಾಕಿಯ ಕಾಗದ ಬರುತ್ತದೆ. ಹುಲ್ಲುಗಾವಲಿನಲ್ಲಿ ಕಾಡು ಬೆಳ್ಳುಳ್ಳಿ ಇದೆ ಎಂದು ಕ್ರಿಕ್‌ಗೆ ಹೊಳೆಯುತ್ತದೆ. ಮನೆಮಂದಿ, ಆಳುಕಾಳು ಎಲ್ಲರೂ ಹಳೆಯ ಚೂರಿ ಹಿಡಿದು ಸಾಲಾಗಿ ಬಗ್ಗಿ ಗಾವಲನ್ನೆಲ್ಲ ಜಾಲಾಡುತ್ತಾರೆ. ಸಿಗುವುದು ಐದಾರು ಗಿಡ ಇದ್ದರೆ ಹೆಚ್ಚು. ಆದರೆ ಒಂದು ಹಸು ಒಂದು ಸಲ ಬಾಯಿ ಹಾಕಿದರೂ ಸಾಕು, ಆ ದಿನದ ಹಾಲೆಲ್ಲ ಕೆಟ್ಟಂತೆ. ಆ ಸಾಲಿನಲ್ಲಿ, ಮುಂದೆ ಟೆಸ್‌ಳ ಗಂಡನಾಗುವ ಏಂಜಲ್ ಬೇಕೆಂದೇ ಅವಳ ಪಕ್ಕಕ್ಕೆ ಬಂದು ಬಗ್ಗುತ್ತಾನೆ. ಸಂಗ್ರಹದಲ್ಲಿ ‘ಅವರಲ್ಲಿ ಪ್ರೇಮ ಮೂಡಿತು’ ಎಂದಷ್ಟೇ ಓದಿದ್ದ ನೆನಪು. ಸಂಗ್ರಹಕಾರರನ್ನು ದೂರುವುದಿಲ್ಲ, ಅವರಿಲ್ಲದಿದ್ದರೆ ನಮ್ಮೂರಿಗೆ ಹಾರ್ಡಿ ಬರುತ್ತಲೇ ಇರಲಿಲ್ಲ. ಆದರೆ ಪ್ರೇಮ ಮೂಡಿದ್ದು ಹುಲ್ಲಿನಲ್ಲಿ, ಕೈಯಲ್ಲಿ ಚೂರಿ ಹಿಡಿದು ಬಗ್ಗಿದಾಗ. ಅದನ್ನು ತೆಗೆದರೆ ಉಳಿಯುವುದು ಬರಿಯ ಸುದ್ದಿ.

ಹಾಗೆಯೇ ಅವಳ ಕಷ್ಟವೂ. ಗಂಡ ಬಿಟ್ಟುಹೋದ ಮೇಲೆ ಅವಳು ದುಡಿಯುವ ಫ್ಲಿಂಟ್‌ಕೂಂಬ್ ಆ್ಯಶ್ ಎಂಬ ಹೊಲದಲ್ಲಿ ಉಗಿಯಿಂದ ನಡೆಯುವ ಒಕ್ಕಣೆ ಯಂತ್ರದ ಮೇಲೆ ಟೆಸ್‌ಳನ್ನು ನಿಲ್ಲಿಸುತ್ತಾರೆ. ಅವಳು ಕಟ್ಟು ಬಿಚ್ಚಿ ಕೊಡಬೇಕು, ಪಕ್ಕದವನು ಯಂತ್ರಕ್ಕೆ ಉಣಿಸಬೇಕು. ಯಂತ್ರ ನಿಲ್ಲುವುದಿಲ್ಲ, ಆದ್ದರಿಂದ ಅವನು ನಿಲ್ಲುವಂತಿಲ್ಲ, ಆದ್ದರಿಂದ ಅವಳೂ ನಿಲ್ಲುವಂತಿಲ್ಲ. ನಮ್ಮಲ್ಲಿ ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿಯುವ ಹೆಂಗಸರು ನಡುವೆ ಬೆನ್ನು ನೆಟ್ಟಗೆ ಮಾಡಿಕೊಂಡು ಕವಳ ಹಾಕುತ್ತಾರೆ. ಟೆಸ್‌ಗೆ ಅಷ್ಟೂ ಇಲ್ಲ. ಕೆಡಿಸಿದ ಅಲೆಕ್ ಮತ್ತೆ ಬಂದು ನಿಲ್ಲುವುದು ಅದೇ ದಿನ. ಅವಳು ಕೊನೆಗೆ ಅವನ ಜೊತೆ ಯಾಕೆ ಹೋದಳು ಎಂದು ಕಾಲೇಜಿನಲ್ಲಿದ್ದಾಗ ಸಿಟ್ಟಾಗಿದ್ದೆ. ಆ ಅಧ್ಯಾಯವನ್ನು ಪೂರ್ತಿ ಓದಿದ ಮೇಲೆ ಆ ಸಿಟ್ಟು ಇಲ್ಲ. ತಂದೆ ಸತ್ತು ಮನೆಯೂ ಕೈಬಿಟ್ಟ ಮೇಲೆ, ಅಷ್ಟು ದಣಿದ ದೇಹಕ್ಕೆ ಬೇರೆ ದಾರಿ ಎಲ್ಲಿತ್ತು?

ಇಂಗ್ಲಿಷ್ ಭಾರವೆಂದು ಹಿಂಜರಿಯುವವರು ಹದಿನಾರನೆಯ ಅಧ್ಯಾಯದಿಂದ ತೊಡಗಿರಿ. ಕೊಟ್ಟಿಗೆಯಲ್ಲಿ ದನ ಇದ್ದವರಿಗೆ ಅಲ್ಲಿ ಅರ್ಧ ಕೆಲಸ ಮೊದಲೇ ಗೊತ್ತಿರುತ್ತದೆ. ಆಮೇಲೆ ಹಿಂದಿನ ಹದಿನೈದು ಅಧ್ಯಾಯಗಳನ್ನು ನೀವಾಗಿಯೇ ತಿರುವಿ ಹಾಕುತ್ತೀರಿ.