ಬೆಟ್ಟಕ್ಕೆ ಕಾರಲ್ಲೇ ಹೋಗ್ತೀರಲ್ಲ ಅಂತ ಕೇಳುವವರಿಗೆ

"ಪರಿಸರ ಪರಿಸರ ಅಂತೀರಿ, ಬೆಟ್ಟ ಹತ್ತೋಕೆ ಮಾತ್ರ ಕಾರಲ್ಲೇ ಹೋಗ್ತೀರಲ್ಲ?"

ಬಾಯಲ್ಲಿ ಉತ್ತರ ಹೇಳಿ ಹೇಳಿ ಸಾಕಾಗಿದೆ. ಇನ್ನು ಮೇಲೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಹೌದು, ಕಾರಲ್ಲೇ ಹೋಗುತ್ತೇನೆ. ಅದು ಹೊಗೆ ಬಿಡುತ್ತದೆ. ತಪ್ಪು ಅಂತ ನನಗೂ ಗೊತ್ತು. ನನಗೆ ಸಿಟ್ಟು ಬರುವುದು ಆ "ಮಾತ್ರ" ಅನ್ನೋ ಪದಕ್ಕೆ. ಸಿಕ್ಕಿಬಿದ್ದೆ ನೋಡು ಅನ್ನೋ ಖುಷಿ ಅದರಲ್ಲಿದೆ. ನಾನು ಬಾಯಿ ಮುಚ್ಚಿದರೆ ಅವರಿಗೆ ಸಾಕು. ಅದರಿಂದ ಹೊಗೆ ಕಡಿಮೆ ಆಗುತ್ತಾ?

ಒಂದೇ ಒಂದು ಸಲ ಈ ಮಾತನ್ನು ಸರಿಯಾಗಿ ಕೇಳಿದ್ದು ಗೆಳೆಯನ ಮಗಳು. ಅವಳಿಗೆ ಆಗ 11 ವರ್ಷ. ನಾವು ನಾಲ್ಕು ಜನ ಬೆಟ್ಟ ಇಳಿದು ಬಂದಿದ್ದೆವು. ದಾರಿಯುದ್ದಕ್ಕೂ ಹೆಕ್ಕಿದ ಬಾಟಲಿ, ಕವರು ಎಲ್ಲ ಒಂದು ಚೀಲದಲ್ಲಿತ್ತು. ಮೂರು ಕೆಜಿ ಇದ್ದೀತು. ಎಲ್ಲರಿಗೂ ಹೆಮ್ಮೆ. ಚೀಲವನ್ನು ಡಿಕ್ಕಿಗೆ ಹಾಕುವಾಗ ಅವಳು ಕೇಳಿದಳು, "ಅಂಕಲ್, ಕಾರಿನ ಹೊಗೆನೂ ಹೆಕ್ಕಿದ್ರೆ ಎಷ್ಟು ತೂಕ ಬರುತ್ತೆ?"

ಲೆಕ್ಕ ಹಾಕಿದೆವು. ಹೋಗಿ ಬರಲು 240 ಕಿಲೋಮೀಟರ್, ಲೀಟರಿಗೆ 15. ಅಂದರೆ 16 ಲೀಟರ್ ಪೆಟ್ರೋಲ್. ಒಂದು ಲೀಟರ್ ಉರಿದರೆ ಸುಮಾರು 2.3 ಕೆಜಿ ಇಂಗಾಲದ ಡೈಆಕ್ಸೈಡ್. ಲೀಟರ್ ಪೆಟ್ರೋಲ್ ತೂಗುವುದೇ ಮುಕ್ಕಾಲು ಕೆಜಿ, ಅದು ಹೇಗೆ ಅಷ್ಟಾಗುತ್ತೆ ಅಂತ ಅವಳು ಬಿಡಲಿಲ್ಲ. ಉರಿಯುವಾಗ ಇಂಗಾಲ ಗಾಳಿಯಿಂದ ಆಮ್ಲಜನಕ ಎಳೆದುಕೊಳ್ಳುತ್ತದೆ, ತೂಕ ಅದರದ್ದೇ ಜಾಸ್ತಿ ಅಂದೆ. ಒಟ್ಟು ಸುಮಾರು 37 ಕೆಜಿ. ಹೆಚ್ಚು ಕಡಿಮೆ ಅವಳಷ್ಟೇ ತೂಕ. ಮೂರು ಕೆಜಿ ತಂದು, 37 ಕೆಜಿ ಬಿಟ್ಟು ಬಂದಿದ್ದೆವು. ವಾಪಸ್ ಬರುವಾಗ ಕಾರಲ್ಲಿ ಯಾರೂ ಜಾಸ್ತಿ ಮಾತಾಡಲಿಲ್ಲ.

ಆಮೇಲೆ ನಾನು ಬದಲಾದೆ. ಪ್ರತಿ ತಿಂಗಳು ಹೋಗುತ್ತಿದ್ದವನು ಈಗ ಮೂರು ತಿಂಗಳಿಗೊಮ್ಮೆ ಹೋಗಿ ಎರಡು ರಾತ್ರಿ ಉಳಿಯುತ್ತೇನೆ. ನಾಲ್ಕು ಜನ ಸೇರದಿದ್ದರೆ ಹೊರಡುವುದಿಲ್ಲ. ಸುಮ್ನೆ ಕೂತಿದ್ದ ಕ್ಯಾರಿಯರ್ ಅನ್ನು ಕಾರಿನ ಮೇಲಿಂದ ಬಿಚ್ಚಿಟ್ಟಿದ್ದೇನೆ. ಗಾಳಿಗೆ ಅಡ್ಡ ನಿಂತು ಪೆಟ್ರೋಲ್ ಕುಡಿಯುತ್ತದೆ ಅದು.

ಎಲೆಕ್ಟ್ರಿಕ್ ತಗೊಳ್ಳಿ ಅನ್ನುವವರಿದ್ದಾರೆ. ತಗೊಳ್ಳೋಣ, ಹೊಗೆ ಇರಲ್ಲ. ಆದರೆ ಟೈರು ಸವೆಯುತ್ತದಲ್ವಾ? ಟೈರು ಬಿರುಕು ಬಿಡದಿರಲಿ ಅಂತ ಸೇರಿಸುವ ಒಂದು ರಾಸಾಯನಿಕ ಓಜೋನ್ ತಾಗಿ ವಿಷವಾಗುತ್ತದೆ. ಮಳೆನೀರಲ್ಲಿ ಅದು ಹರಿದು ಬಂದು ಅಮೆರಿಕದ ಪಶ್ಚಿಮ ಕರಾವಳಿಯ ಹಳ್ಳಗಳಲ್ಲಿ ಕೋಹೋ ಸಾಲ್ಮನ್ ಮೀನುಗಳನ್ನು ಕೊಲ್ಲುತ್ತಿದೆ ಅಂತ ವಿಜ್ಞಾನಿಗಳು 2020ರಲ್ಲಿ ಕಂಡುಕೊಂಡರು. ನಾವು ಹೋಗುವುದೇ ಹಳ್ಳ ನೋಡೋಕೆ.

ನೀವು ನಿಜಕ್ಕೂ ಕೇಳಬೇಕಾದದ್ದು ಬೇರೆ. ಬೆಟ್ಟದ ಬುಡಕ್ಕೆ ಬಸ್ಸು ಯಾಕಿಲ್ಲ? ಅಮೆರಿಕದ ಝಯಾನ್ ರಾಷ್ಟ್ರೀಯ ಉದ್ಯಾನದಲ್ಲಿ 2000ರಿಂದ ಬಸ್ಸು ಓಡುತ್ತಿದೆ. ಅದು ಓಡುವ ದಿನಗಳಲ್ಲಿ ಕಣಿವೆ ರಸ್ತೆಗೆ ಪ್ರವಾಸಿಗರ ಕಾರು ಬಿಡುವುದಿಲ್ಲ. ಸ್ವಿಟ್ಜರ್ಲೆಂಡಿನ ಝೆರ್ಮಾಟ್‌ಗೆ ಹೋಗುವವರು ಕಾರನ್ನು ಕೆಳಗಿನ ಊರಲ್ಲೇ ಬಿಟ್ಟು ರೈಲು ಹತ್ತುತ್ತಾರೆ. ಅಲ್ಲಿಗೆ ಹೋದವರೇನೂ ಬೆಟ್ಟ ನೋಡದೆ ವಾಪಸ್ ಬಂದಿಲ್ಲ.

ನಾನು ಹತ್ತುವ ಬೆಟ್ಟದ ಹತ್ತಿರ ಮೊದಲ ಬಸ್ಸು ಬರುವುದು ಹತ್ತೂವರೆಗೆ, ಕೊನೆಯದು ಹೊರಡುವುದು ಮೂರೂವರೆಗೆ. ಹತ್ತಿ ಇಳಿಯೋಕೆ ಆರು ಗಂಟೆ ಬೇಕು. ಬೆಳಿಗ್ಗೆ ಒಂದು, ಸಂಜೆ ಒಂದು ಬಸ್ಸು ಬೇಕು ಅಂತ ಅರ್ಜಿ ಬರೆದಿದ್ದೇನೆ. ಇಲ್ಲಿವರೆಗೆ 12 ಸಹಿ ಬಿದ್ದಿದೆ. ನನ್ನ ಕಾರಿನ ಬಗ್ಗೆ ಕೇಳಿದವರಲ್ಲಿ ಒಬ್ಬರದ್ದೂ ಇಲ್ಲ. ಹಾಳೆಯಲ್ಲಿ ಇನ್ನೂ ಜಾಗ ಇದೆ.